8 ಹೋಗಿ 0 ಆದ ತೂಕದ ಚೀಟಿ

ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿನಿಂದ ಫೋನ್ ಬಂತು. "ಸಾರ್, ಪ್ರಿಂಟರ್ ಎಂಟನ್ನ ಸೊನ್ನೆ ಮಾಡಾಕತ್ತೈತ್ರಿ. ಇಲ್ಲಿ ಜಗಳ ನಡದೈತಿ." ಭತ್ತದ ಲಾರಿಯ ತೂಕ 16480 ಕೆಜಿ. ಚೀಟಿಯಲ್ಲಿ 16400 ಅಂತ ಓದುವ ಹಾಗೆ ಬಿದ್ದಿತ್ತು. 80 ಕೆಜಿ ಅಂದರೆ ಆ ಕಡೆಯ ಲೆಕ್ಕದಲ್ಲಿ ಒಂದು ಚೀಲಕ್ಕೂ ಜಾಸ್ತಿ. ಜಗಳ ಆಗದೆ ಇರುತ್ತದೆಯೇ?

ವೇ ಬ್ರಿಡ್ಜ್ (ಲಾರಿ ತೂಗುವ ಕಾಟಾ) ಕೋಣೆಯಲ್ಲಿದ್ದದ್ದು 9 ಪಿನ್ನಿನ ಹಳೆಯ ಡಾಟ್ ಮ್ಯಾಟ್ರಿಕ್ಸ್. ಅದರ ಹೆಡ್ಡಿನಲ್ಲಿರುವ ಪಿನ್‌ಗಳು ಇಂಕಿನ ರಿಬ್ಬನ್ ಮೇಲೆ ಹೊಡೆದು, ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತವೆ. ಮೂರು ಕಾಪಿ ಒಂದೇ ಏಟಿಗೆ ಬೇಕು, ಹಾಗಾಗಿ ಅಲ್ಲಿ ಬೇರೆ ಪ್ರಿಂಟರ್ ನಡೆಯುವುದಿಲ್ಲ. ಚೀಟಿ ನೋಡಿದೆ. ಪ್ರತಿ ಅಂಕಿಯ ಸೊಂಟದಲ್ಲಿ ಅಡ್ಡಕ್ಕೆ ಕೂದಲಿನಷ್ಟು ಬಿಳಿ ಗೆರೆ. 8ರ ಸೊಂಟದ ಚುಕ್ಕಿಗಳನ್ನು ಹೊಡೆಯುವುದು ನಾಲ್ಕನೇ ಪಿನ್. ಅದು ಹೊಡೆಯದಿದ್ದರೆ 8 ಸೊನ್ನೆಯೇ ಅಲ್ವಾ?

ಹೆಡ್ ಕೆಟ್ಟಿದೆ ಅಂದುಕೊಂಡೆ. ಬಿಚ್ಚಿದರೆ ತುದಿಯಲ್ಲಿ ತೌಡಿನ ಧೂಳು, ಜೊತೆಗೆ ನೇರಳೆ ಬಣ್ಣದ ಅಂಟು. ಯಾರೋ ರಿಬ್ಬನ್ನಿಗೆ ಸ್ಟಾಂಪ್ ಪ್ಯಾಡ್ ಇಂಕ್ ಹಾಕಿದ್ದರು. ದಯವಿಟ್ಟು ಈ ಕೆಲಸ ಮಾಡಬೇಡಿ. ರಿಬ್ಬನ್ ಇಂಕಿನಲ್ಲಿ ಪಿನ್ನಿಗೆ ಬೇಕಾದ ಎಣ್ಣೆಯಂಶ ಇರುತ್ತದೆ, ಸ್ಟಾಂಪ್ ಇಂಕ್ ಒಣಗಿ ಪಿನ್ ಹಿಡಿದುಕೊಳ್ಳುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತುದಿ ಅದ್ದಿಟ್ಟು, ಒರೆಸಿ, ಹೊಸ ರಿಬ್ಬನ್ ಹಾಕಿದೆ. ಅಕ್ಷರ ಕಪ್ಪಗಾಯಿತು. ಬಿಳಿ ಗೆರೆ ಮಾತ್ರ ಹಾಗೇ ಇತ್ತು. ಹೆಡ್ಡಿನೊಳಗೆ ಪಿನ್‌ಗಳನ್ನು ತಳ್ಳುವ ಕಾಯಿಲ್‌ಗಳನ್ನು ಮಲ್ಟಿಮೀಟರಿನಲ್ಲಿ ಅಳೆದೆ, ಒಂಬತ್ತರಲ್ಲೂ ಓಮ್ ಒಂದೇ ಸಮ, ಅಂದರೆ ಯಾವ ಕಾಯಿಲೂ ಸುಟ್ಟಿಲ್ಲ. ಎರಡು ಗಂಟೆ ಸುಮ್ನೆ ಹೋಯಿತು.

ಆಮೇಲೆ ಚೀಟಿಯನ್ನು ಇನ್ನೊಮ್ಮೆ ನೋಡಿದೆ. ಎಡಗಡೆ ತಾರೀಖು 28. ಅಲ್ಲಿನ 8 ಸರಿಯಾಗಿಯೇ ಇದೆ! ಬಲಗಡೆ ಬೀಳುವ ತೂಕದಲ್ಲಿ ಮಾತ್ರ 8 ಇಲ್ಲ. ಕಂಪ್ಯೂಟರಿನ ಕೇಬಲ್ ತೆಗೆದು, ಲೈನ್ ಫೀಡ್ ಬಟನ್ ಒತ್ತಿಕೊಂಡೇ ಸ್ವಿಚ್ ಹಾಕಿ ಸೆಲ್ಫ್ ಟೆಸ್ಟ್ ಕೊಟ್ಟೆ, ಅಂದರೆ ಪ್ರಿಂಟರ್ ತಾನಾಗಿಯೇ ಸಾಲು ಸಾಲು ಅಕ್ಷರ ಹೊಡೆಯುತ್ತದೆ. ಪ್ರತಿ ಸಾಲಿನಲ್ಲೂ 50ನೇ ಅಕ್ಷರದ ಆಸುಪಾಸಿನಿಂದ ಬಿಳಿ ಗೆರೆ ಶುರು. ಪಿನ್ ಸತ್ತಿದ್ದರೆ ಸಾಲಿನುದ್ದಕ್ಕೂ ಸತ್ತಿರಬೇಕಿತ್ತು. ಅರ್ಧ ದಾರಿಯಲ್ಲಿ ಸಾಯುವುದು ಹೆಡ್ ಜೊತೆ ಓಡಾಡುವ ಫ್ಲಾಟ್ ಕೇಬಲ್ಲೇ.

ಕರೆಂಟ್ ತೆಗೆದು, ಕೇಬಲ್ಲನ್ನು ಬೋರ್ಡಿನ ಕಡೆಯಿಂದ ಕಿತ್ತು, ಆ ತುದಿಯಲ್ಲಿ ಮೀಟರ್ ಹಿಡಿದೆ. ಹೆಡ್ ಎಡಗಡೆ ಇದ್ದಾಗ ಎಲ್ಲ ಸರಿ. ಕೈಯಿಂದ ಮೆಲ್ಲಗೆ ಬಲಕ್ಕೆ ತಳ್ಳಿದೆ. ಅರ್ಧ ದಾಟುತ್ತಿದ್ದ ಹಾಗೆ ಒಂದು ತಂತಿ ಓಪನ್, ಅಂದರೆ ಸಂಪರ್ಕ ಕಟ್. ಟಾರ್ಚ್ ಬಿಟ್ಟರೆ ಮಡಿಕೆಯಲ್ಲಿ ಸಣ್ಣ ಬಿರುಕು ಕಂಡಿತು. ಸಿಕ್ಕಿಕೊಂಡ ಕಾಗದ ಎಳೆಯುವಾಗ ಯಾರೋ ಕೇಬಲ್ಲನ್ನೂ ಮಡಚಿರಬೇಕು.

ಕೇಬಲ್ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬರಬೇಕು, ಎರಡು ದಿನ. ಲಾರಿಗಳು ಕಾಯುತ್ತವೆಯೇ? ಅವರದು ಅಚ್ಚಾದ ಫಾರಂ ಅಲ್ಲ, ಖಾಲಿ ಹಾಳೆ. ಹಾಗಾಗಿ ಅಕ್ಷರ ಒತ್ತೊತ್ತಾಗಿ ಹೊಡೆಸುವ ಕಂಡೆನ್ಸ್ಡ್ ಬಟನ್ ಒತ್ತಿದೆ. ಇಂಚಿಗೆ 10 ಅಕ್ಷರದ ಬದಲು ಸುಮಾರು 17. ಎಂಟು ಇಂಚಿನ ಸಾಲು ಐದು ಇಂಚಿನೊಳಗೆ ಬಂತು, ಹೆಡ್ ಆ ಕೆಟ್ಟ ಜಾಗಕ್ಕೆ ಹೋಗಲೇ ಇಲ್ಲ. ಅಂಕಿ ಸಣ್ಣದಾಯಿತು ಅಂತ ವೇ ಬ್ರಿಡ್ಜ್ ಕೋಣೆಯ ಹುಡುಗ ಗೊಣಗಿದ. ಡ್ರೈವರ್ ಮಾತ್ರ ಚೀಟಿಯನ್ನು ಬೆಳಕಿಗೆ ಹಿಡಿದು, 8ರ ಎರಡೂ ಹೊಟ್ಟೆ ನೋಡಿಕೊಂಡೇ ಜೇಬಿಗೆ ಹಾಕಿದ.