ನಿಮ್ಮ ಕುರ್ತಿಗೆ ನಿಮ್ಮದೇ ಅಳತೆ

ಹೊಲಿಗೆ ಕಲೀಬೇಕು ಅಂತ ಬರುವ ಹೆಣ್ಣುಮಕ್ಕಳು ಮೊದಲು ಕೇಳುವುದು, ಯಾವ ಮಿಷನ್ ತಗೊಳ್ಳಲಿ ಅಂತ. ಮಿಷನ್ ವಿಷಯ ಆಮೇಲೆ. ಮೊದಲು ಟೇಪ್ ಹಿಡಿದು ನಿಮ್ಮ ಅಳತೆ ಬರೆದುಕೊಳ್ಳಿ. ಬಹಳ ಜನ ಎಡವುವುದು ಇಲ್ಲೇ. ಟೇಪ್ ಸುತ್ತಿದ ಕೂಡಲೇ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. 42 ಬಂದರೆ 40 ಅಂತ ಬರೆಯುತ್ತಾರೆ. ಕೇಳಿದರೆ, "ಎರಡು ತಿಂಗಳಲ್ಲಿ ಇಳಿಸ್ತೀನಿ ಬಿಡಿ ಆಂಟಿ" ಅನ್ನುತ್ತಾರೆ. ಇಳಿಸಿ, ಬೇಡ ಅಂದವರು ಯಾರು? ಆದರೆ ಬಟ್ಟೆ ಹಾಕಿಕೊಳ್ಳಬೇಕಾಗಿರುವುದು ಈ ತಿಂಗಳು ತಾನೇ. ಸುಳ್ಳು ಅಳತೆಯ ಬಟ್ಟೆ ಕಂಕುಳಲ್ಲಿ ಹಿಡಿಯುತ್ತದೆ, ಕೈ ಎತ್ತಿದರೆ ಹೊಲಿಗೆ ಬಿಡುತ್ತದೆ. ಆಮೇಲೆ ಬೈಸಿಕೊಳ್ಳುವುದು ಮಾತ್ರ ಪಾಪದ ಮೈ.

ಆರಾಮಾಗಿ ನಿಂತುಕೊಳ್ಳಿ, ಉಸಿರು ಬಿಗಿ ಹಿಡಿಯಬೇಡಿ. ದಿನಾ ಹಾಕುವ ಒಳಉಡುಪಿನ ಮೇಲೇ ಅಳತೆ ತೆಗೆಯಿರಿ. ಟೇಪಿನ ಒಳಗೆ ಒಂದು ಬೆರಳು ಆಡಬೇಕು. ಭುಜ ಮತ್ತು ಬೆನ್ನಿನ ಅಳತೆ ನಿಮ್ಮಷ್ಟಕ್ಕೆ ನೀವೇ ತೆಗೆಯಲು ಆಗುವುದಿಲ್ಲ. ಗಂಡನನ್ನೋ ಮಗಳನ್ನೋ ಕರೆಯಿರಿ. ಬರೆದ ಮೇಲೆ ಪಕ್ಕದಲ್ಲಿ ತಾರೀಖು ಹಾಕಿ. ಹೆರಿಗೆ ಆದ ಮೇಲೆ, ಮುಟ್ಟು ನಿಂತ ಮೇಲೆ ಮೈ ಬದಲಾಗುತ್ತದೆ. ಹಾಗಾಗಿ ಮದುವೆಯಲ್ಲಿ ಹೊಲಿಸಿದ ರವಿಕೆಯನ್ನು ಅಳತೆಗೆ ಇಟ್ಟುಕೊಂಡು ಕೂರಬೇಡಿ.

ಶುರುವಿಗೆ ರವಿಕೆ ಬೇಡ. ಟಕ್ಸ್, ಹುಕ್ಸ್, ಪಟ್ಟಿ ಅಂತ ಅದರಲ್ಲಿ ತರಲೆ ಜಾಸ್ತಿ. ಕಾಟನ್ ಕುರ್ತಿ ಹಿಡಿಯಿರಿ. 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆ ಎರಡೂವರೆ ಮೀಟರ್ ಸಾಕು. ಕತ್ತರಿಸುವ ಮುಂಚೆ ರಾತ್ರಿ ಪೂರ್ತಿ ನೀರಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಕಾಟನ್ ಎಷ್ಟು ಕುಗ್ಗಬೇಕೋ ಅಷ್ಟು ಮೊದಲೇ ಕುಗ್ಗಿಬಿಡಲಿ.

ಲೆಕ್ಕ ಸುಲಭ. ಎದೆ ಸುತ್ತಳತೆ 38 ಇದೆ ಅಂದುಕೊಳ್ಳಿ. ಸಡಿಲಕ್ಕೆ 4 ಸೇರಿಸಿದರೆ 42. ಕತ್ತರಿಸುವಾಗ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡುವುದರಿಂದ ನಾಲ್ಕರಿಂದ ಭಾಗಿಸಿ, ಹತ್ತೂವರೆ. ಅದರ ಮೇಲೆ ಹೊಲಿಗೆಗೆ ಬಿಡುವ ಮಾರ್ಜಿನ್ ಒಂದೂವರೆ. ಒಟ್ಟು 12 ಇಂಚಿಗೆ ಗುರುತು ಹಾಕಿ. ಮಾರ್ಜಿನ್ನಿನಲ್ಲಿ ಜಿಪುಣತನ ಬೇಡ, ನಾಳೆ ಬಿಚ್ಚಿ ದೊಡ್ಡದು ಮಾಡಲು ಅದೇ ದಾರಿ. ಸೀಟಿನ, ಅಂದರೆ ಕುಂಡೆಯ ಸುತ್ತಳತೆಗೂ ಇದೇ ಲೆಕ್ಕ. ಅಲ್ಲಿ ಬಿಗಿಯಾದರೆ ಸೈಡ್ ಕಟ್ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ.

ಒಳ್ಳೇ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಹಳೇ ಬೆಡ್‌ಶೀಟಿನಲ್ಲಿ ಒಂದು ಹೊಲಿದು ತೊಟ್ಟು ನೋಡಿ. ಕನ್ನಡಿಯಲ್ಲಿ ಆಗ ಕಾಣುವುದು ಬಹಳ. ತುಂಬಾ ಜನರಿಗೆ ಒಂದು ಭುಜ ಇನ್ನೊಂದಕ್ಕಿಂತ ಇಳಿದಿರುತ್ತದೆ. ಆ ಕಡೆ ಭುಜದ ಹೊಲಿಗೆಯನ್ನು ತೋಳು ಸೇರುವ ತುದಿಗೆ ಹೋಗುತ್ತಾ ಕಾಲಿಂಚು ಒಳಗೆ ಹಾಕಿ, ಸುಕ್ಕು ಹೋಗುತ್ತದೆ. ಹೊಟ್ಟೆ ಮುಂದಿದ್ದರೆ ಕುರ್ತಿಯ ಮುಂಭಾಗ ಮೇಲಕ್ಕೆ ಏಳುತ್ತದೆ. ಮುಂಭಾಗದ ನಡುವೆ ಒಂದಿಂಚು ಉದ್ದ ಜಾಸ್ತಿ ಇಟ್ಟು ಬದಿಗೆ ಬರುತ್ತಾ ಕಡಿಮೆ ಮಾಡಿದರೆ ಅಂಚು ಸಮ ಬೀಳುತ್ತದೆ. ಭುಜ ಹಿಡಿದುಕೊಂಡು ಕೈ ಮೇಲಕ್ಕೆ ಹೋಗದವರು ತಲೆಯಿಂದ ಹಾಕುವ ಕುರ್ತಿಗೆ ಯಾಕೆ ಒದ್ದಾಡಬೇಕು? ಮುಂದುಗಡೆ ಪೂರ್ತಿ ಸೀಳಿ ಗುಂಡಿ ಇಡಿ. ಇದನ್ನೆಲ್ಲ ದೋಷ ಮುಚ್ಚುವುದು ಅಂತ ಹೇಳಿಕೊಡುವವರಿದ್ದಾರೆ. ನನಗೆ ಆ ಮಾತು ಸೇರುವುದಿಲ್ಲ. ನೂರಾರು ಪೀಸು ಒಟ್ಟಿಗೆ ಕತ್ತರಿಸುವ ಕಂಪನಿಗೆ ನಿಮ್ಮ ಭುಜ ಗೊತ್ತಿಲ್ಲ, ಅಷ್ಟೇ.

ಜೇಬು ಮರೀಬೇಡಿ. ಅಂಗಡಿ ಕುರ್ತಿಯಲ್ಲಿ ಜೇಬು ಸಿಗುವುದೇ ಅಪರೂಪ ಅಲ್ವಾ? ಉಳಿದ ಬಟ್ಟೆಯ ಮೇಲೆ ನಿಮ್ಮ ಅಂಗೈ ಇಟ್ಟು ಸುತ್ತಲೂ ಒಂದಿಂಚು ಬಿಟ್ಟು ಗೀಟು ಎಳೆಯಿರಿ. ಎರಡು ಬದಿಗೆ ನಾಲ್ಕು ತುಂಡು ಬೇಕು. ಸೊಂಟದ ಗುರುತಿನಿಂದ ಒಂದಿಂಚು ಕೆಳಗೆ, ಬಾಯಿ 6 ಇಂಚು ಇರಲಿ. ಚೀಲವನ್ನು ಮುಂಭಾಗಕ್ಕೆ ವಾಲಿಸಿ ನಾಲ್ಕು ಕೈಹೊಲಿಗೆ ಹಾಕಿ, ಇಲ್ಲದಿದ್ದರೆ ಮೊಬೈಲ್ ಇಟ್ಟಾಗ ಸೈಡ್ ಕಟ್ಟಿನಿಂದ ಇಣುಕುತ್ತದೆ.

ಬಣ್ಣ, ಕುತ್ತಿಗೆ, ತೋಳು ನಿಮ್ಮಿಷ್ಟ. ಹರಿದ ಇಳಕಲ್ ಸೀರೆಯ ಅಂಚು ಗಟ್ಟಿ ಇದ್ದರೆ ತೋಳಿಗೆ ಹಚ್ಚಿ. ಗುಳೇದಗುಡ್ಡದ ಖಣದ ತುಂಡು ಎದೆಪಟ್ಟಿಗೆ ಚೆಂದ. ವಯಸ್ಸಾದವರಿಗೆ ಕೆಂಪು ಒಪ್ಪಲ್ಲ ಅನ್ನುವವರ ಮಾತಿಗೆ ತಲೆ ಆಡಿಸಿ, ಕೆಂಪೇ ಹಾಕಿಕೊಳ್ಳಿ. ಚೂರುಗಳನ್ನು ಎಸೆಯಬೇಡಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರಾ? ಹಳೇ ಬಟ್ಟೆಯ ಚೂರುಗಳನ್ನು ಅಂಚಿನಿಂದ ಶುರು ಮಾಡಿ, ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಯಾವ ಚೂರು ಎಲ್ಲಿ ಅನ್ನುವುದು ಕೈಯಲ್ಲೇ ತೀರ್ಮಾನ. ಮೂಲೆಗೆ ಮಡಚಿದ ಬಟ್ಟೆಯ ಹೂವು ಇಡದೆ ಕೌದಿ ಮುಗಿಯಿತು ಅನ್ನುವುದಿಲ್ಲ. ನಕ್ಷೆ ಇಲ್ಲದೆ ಕೈ ಓಡಿಸುವ ಧೈರ್ಯ ಬೇಕು ಅನ್ನುವವರು ಒಂದು ದಿಂಬಿನ ಕವರನ್ನಾದರೂ ಹೀಗೆ ಹೊಲಿದು ನೋಡಿ.

ಇನ್ನು ಮಿಷನ್. ಮನೆಯಲ್ಲಿ ಅತ್ತೆಯ ಕಾಲಿನ ಮಿಷನ್ ಮೂಲೆ ಹಿಡಿದಿದ್ದರೆ ಎಣ್ಣೆ ಬಿಟ್ಟು ಹೊಸ ಬೆಲ್ಟ್ ಹಾಕಿ, ಅದೇ ಸಾಕು. ಯಂತ್ರಗಳೆಂದರೆ ಅಷ್ಟು ಅನುಮಾನ ಪಡುತ್ತಿದ್ದ ಗಾಂಧೀಜಿಯೇ 1924ರಲ್ಲಿ ಹೊಲಿಗೆ ಮಿಷನ್ನಿಗೆ ವಿನಾಯಿತಿ ಕೊಟ್ಟಿದ್ದರು. ಕಾಟನ್ನಿಗೆ 14 ನಂಬರ್ ಸೂಜಿ, ತೀರಾ ತೆಳು ಬಟ್ಟೆಗೆ 11. ಬಟ್ಟೆಯ ಕೆಳಗೆ ದಾರ ಗುಂಜು ಕಟ್ಟಿದರೆ ಎಲ್ಲರೂ ಕೆಳದಾರದ ಬಾಬಿನ್ ಬಿಚ್ಚುತ್ತಾರೆ. ಸಾಮಾನ್ಯವಾಗಿ ತಪ್ಪು ಮೇಲಿನ ದಾರದ್ದು. ಬಟ್ಟೆ ಒತ್ತಿ ಹಿಡಿಯುವ ಮಿಷನ್ನಿನ ಪಾದ ಎತ್ತಿ, ದಾರ ಪೂರ್ತಿ ತೆಗೆದು ಮತ್ತೆ ಪೋಣಿಸಿ.

ಕೊನೆಗೆ ಕೆಳಗಿನ ಮಡಿಕೆ. ಅಂಬ್ರೆಲಾ ಕಟ್ಟಿನ ಘೇರು ಇದ್ದರೆ ಅವಸರ ಮಾಡಬೇಡಿ. ಒಂದು ರಾತ್ರಿ ಹ್ಯಾಂಗರಿಗೆ ತೂಗುಹಾಕಿ, ಓರೆ ಬಟ್ಟೆ ಜೋತು ಬೀಳುವಷ್ಟು ಬೀಳಲಿ. ಬೆಳಿಗ್ಗೆ ತೊಟ್ಟುಕೊಂಡು ನಿಂತು, ನೆಲದಿಂದ ಸ್ಕೇಲ್ ಇಟ್ಟು ಸುತ್ತಲೂ ಗುರುತು ಹಾಕಿಸಿಕೊಂಡು ಹೆಮ್ಮಿಂಗ್ ಮಾಡಿ.