ಆಳೆತ್ತರದ ಗಡಿಯಾರ: ನಿಲ್ಲಿಸುವುದು ಹೇಗೆ, ನಡೆಸುವುದು ಹೇಗೆ?

ಶಿವಾಜಿನಗರದ ಗುಜರಿಯಲ್ಲೋ ಹಳೇ ಬಂಗಲೆಯ ಹರಾಜಿನಲ್ಲೋ ಕೊಂಡು ತಂದ ಇಂಗ್ಲೆಂಡಿನ ಆಳೆತ್ತರದ ಗಡಿಯಾರ ವಾರದೊಳಗೆ ನಿಂತುಹೋಯಿತೇ? ರಿಪೇರಿಯವರಿಗೆ ಫೋನ್ ಮಾಡುವ ಮುಂಚೆ ಅದನ್ನು ಇಟ್ಟಿರುವ ಜಾಗ ನೋಡಿ. ಯಂತ್ರ ಕೆಟ್ಟಿರುವುದಕ್ಕಿಂತ ಪೆಟ್ಟಿಗೆ ಭದ್ರವಾಗಿ ಕೂತಿರದೇ ಇರುವುದೇ ಹೆಚ್ಚು.

ಸಾಗಣೆ

ಇಡಿಯಾಗಿ ಎತ್ತಲೇಬೇಡಿ. ಡಯಲ್ ಮುಚ್ಚಿರುವ ಗಾಜಿನ ಹುಡ್ ಅನ್ನು ಮುಂದಕ್ಕೆ ಎಳೆದು ತೆಗೆಯಿರಿ. ಗಡಿಯಾರವನ್ನು ನಡೆಸುವ, ಹುರಿಯಲ್ಲಿ ತೂಗುವ ಭಾರದ ಗುಂಡುಗಳನ್ನು ಬಿಚ್ಚಿ, ಎಡ ಯಾವುದು ಬಲ ಯಾವುದು ಎಂದು ಚೀಟಿ ಅಂಟಿಸಿ. ಗುಂಡಿನ ಭಾರ ಹೋದ ಕೂಡಲೇ ಡಯಲ್ ತೂಕಕ್ಕೆ ಯಂತ್ರ ಮುಂದಕ್ಕೆ ಮುಗ್ಗರಿಸಬಹುದು, ಹಾಗಾಗಿ ಇನ್ನೊಬ್ಬರು ಅದನ್ನು ಹಿಡಿದಿರಲಿ. ಲೋಲಕ ತೂಗುವುದು ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಯಲ್ಲಿ. ಅದು ತುಸು ಸೊಟ್ಟಗಾದರೂ ಲೋಲಕ ನೇರ ಆಡದೆ ಅಡ್ಡಾಡುತ್ತದೆ. ಲೋಲಕವನ್ನು ಸ್ವಲ್ಪ ಮೇಲೆತ್ತಿ, ಹಿಂದಕ್ಕೆ ಸರಿಸಿ, ನಿಧಾನಕ್ಕೆ ಇಳಿಸಿ.

ಗೋಡೆಗೆ ಸ್ಕ್ರೂ

ನಮ್ಮ ಮನೆಗಳಲ್ಲಿ ಸ್ಕರ್ಟಿಂಗ್ ಕಲ್ಲು ಅಡ್ಡ ಬರುವುದರಿಂದ ಪೆಟ್ಟಿಗೆಯ ಬೆನ್ನು ಗೋಡೆಗೆ ತಾಗುವುದಿಲ್ಲ. ಸ್ಕರ್ಟಿಂಗ್‌ನಷ್ಟೇ ದಪ್ಪದ ಮರದ ಪಟ್ಟಿಯನ್ನು ಆ ಸಂದಿಗೆ ಕೊಟ್ಟು, ಹಿಂಬದಿಯ ಹಲಗೆಯ ಮೂಲಕ ಗೋಡೆಯ ಪ್ಲಗ್‌ಗೆ ಒಂದು ಸ್ಕ್ರೂ ಹಾಕಿ. ಪುರಾತನ ವಸ್ತುವಿಗೆ ತೂತು ಕೊರೆಯುವುದೇ ಎಂದು ಹಿಂಜರಿಯುವವರಿದ್ದಾರೆ. ಹಿಂದಿನವರು ಕೊರೆದ ತೂತು ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಹುಡುಕಿ. ಇಷ್ಟು ಮಾಡದಿದ್ದರೆ, ಕೀ ಕೊಟ್ಟ 5–6ನೇ ದಿನ ಗುಂಡುಗಳು ಲೋಲಕದ ಮಟ್ಟಕ್ಕೆ ಇಳಿದಾಗ ಪೆಟ್ಟಿಗೆಯ ಅಲುಗಾಟಕ್ಕೆ ತಾವೂ ತೂಗಾಡಿ ಲೋಲಕದ ಶಕ್ತಿಯನ್ನು ಕದಿಯುತ್ತವೆ. ಪ್ರತಿ ವಾರ ಅದೇ ದಿನ ನಿಲ್ಲುವ ಗಡಿಯಾರದ ಕಾಯಿಲೆ ಬಹುತೇಕ ಇದೇ.

ಈಗ ಕಿವಿಗೊಡಿ. ಟಿಕ್‌–ಟಾಕ್ ನಡುವಿನ ಅಂತರ ಎರಡೂ ಕಡೆ ಸಮ ಇರಬೇಕು, ಕುಂಟಿದರೆ ನಿಲ್ಲುತ್ತದೆ. ಲೋಲಕವನ್ನು ತಳ್ಳುವ ಕ್ರಚ್ ಎಂಬ ಕಡ್ಡಿಯ ಮೇಲ್ಭಾಗವನ್ನು ಒಂದು ಕೈಯಲ್ಲಿ ಹಿಡಿದು, ಕೆಳಭಾಗವನ್ನು ಕೂದಲೆಳೆಯಷ್ಟು ಬಗ್ಗಿಸಿ. ಕುಂಟು ಹೆಚ್ಚಾದರೆ ಇನ್ನೊಂದು ಕಡೆಗೆ.

ಬೆಂಗಳೂರಿಗೆ ಹೊಂದಿಸಿ

ನೇರ ವಿದೇಶದಿಂದ ಬಂದ ಗಡಿಯಾರ ಇಲ್ಲಿ ಹಿಂದೆ ಬೀಳುವುದು ದೋಷವಲ್ಲ. ಭೂಮಧ್ಯರೇಖೆಗೆ ಹತ್ತಿರ, ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ನಮ್ಮೂರಿನಲ್ಲಿ ಗುರುತ್ವ ತುಸು ಕಡಿಮೆ. ಲಂಡನ್ನಿನಲ್ಲಿ ಸರಿಹೊಂದಿಸಿದ ಸೆಕೆಂಡ್ ಲೋಲಕ (ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದು ಸೆಕೆಂಡಿನಲ್ಲಿ ತೂಗುವಂಥದ್ದು) ಇಲ್ಲಿ ದಿನಕ್ಕೆ ಸುಮಾರು 2 ನಿಮಿಷ 20 ಸೆಕೆಂಡ್ ನಿಧಾನವಾಗುತ್ತದೆ. 1672ರಲ್ಲಿ ಪ್ಯಾರಿಸ್‌ನಿಂದ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ ಖಗೋಳಜ್ಞ ಜಾನ್ ರಿಷೆ ಕಂಡದ್ದೂ ಇದನ್ನೇ.

ಈ ಲೋಲಕದ ಲೆಕ್ಕದ ಉದ್ದ ಸುಮಾರು 99.4 ಸೆಂಟಿಮೀಟರ್. 1 ಮಿಲಿಮೀಟರ್ ಬದಲಾದರೆ ದಿನಕ್ಕೆ 43 ಸೆಕೆಂಡ್ ವ್ಯತ್ಯಾಸ, ಅಂದರೆ ಬೇಕಾದದ್ದು ಮೂರು ಮಿಲಿಮೀಟರ್ ಚಿಲ್ಲರೆ ಮೇಲೇರಿಕೆ. ಲೋಲಕದ ಕೆಳತುದಿಯ ಭಾರವಾದ ಬಟ್ಟಲನ್ನು ಹಿಡಿದುಕೊಂಡು ಕೆಳಗಿನ ನಟ್ ತಿರುಗಿಸಿ: ಬಟ್ಟಲು ಏರಿದರೆ ಓಟ ಚುರುಕು, ಇಳಿದರೆ ನಿಧಾನ. ಪ್ರತಿ ಸಲ 24 ಗಂಟೆ ಕಾದು ನೋಡಿ. ಉಕ್ಕಿನ ಕಡ್ಡಿ ಬಿಸಿಲಿಗೆ ಹಿಗ್ಗುತ್ತದೆ: ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ದಿನಕ್ಕೆ ಅರ್ಧ ಸೆಕೆಂಡ್. ಏಪ್ರಿಲ್ ಸೆಖೆಯಲ್ಲಿ ವಾರಕ್ಕೆ ಅರ್ಧ ನಿಮಿಷ ಹಿಂದೆ ಬಿದ್ದರೆ ನಟ್ ಮುಟ್ಟಬೇಡಿ, ಮುಳ್ಳು ಸರಿಸಿ ಸಾಕು. ಗಂಟೆ ಹೊಡೆಯುವ ಹೊತ್ತಿನ ಆಸುಪಾಸಿನಲ್ಲಿ ಮಾತ್ರ ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದು.

ಕೀ, ಎಣ್ಣೆ, ಒರೆಸುವುದು

ಎಂಟು ದಿನದ ಗಡಿಯಾರಕ್ಕೆ ವಾರಕ್ಕೊಮ್ಮೆ, ಎರಡೂ ತೂತಿಗೆ ಕೀ ಕೊಡಿ. ರಾತ್ರಿ ಸದ್ದು ಬೇಡವೆಂದು ಗಂಟೆಯ ಕಡೆ ಬಿಟ್ಟರೆ, ಕೆಲವು ಮಾದರಿಗಳಲ್ಲಿ ಹನ್ನೆರಡು ದಾಟುವಾಗ, ಗಂಟೆಯ ಹೊಡೆತ ಎಣಿಸುವ ಹಲ್ಲಿನ ಪಟ್ಟಿಯಾದ ರ‍್ಯಾಕ್ ಸಿಕ್ಕಿಕೊಂಡು ಇಡೀ ಗಡಿಯಾರವೇ ನಿಲ್ಲುತ್ತದೆ. ಕೀ ಕೊಡುವಾಗ, ಗುಂಡು ತೂಗುವ ರಾಟೆಯು ಯಂತ್ರ ಕೂತಿರುವ ಹಲಗೆಗೆ ತಾಗುವ ಮುನ್ನ ನಿಲ್ಲಿಸಿ.

ಗಡಿಯಾರದ ಎಣ್ಣೆಯೊಂದೇ, ಅದೂ ಅಚ್ಚುಗಳ ತುದಿಗೆ ಸೂಜಿಮೊನೆಯಷ್ಟು. ಹಲ್ಲುಗಳಿಗೆ ಬೇಡ, ಊರಿನ ಧೂಳು ಅದರಲ್ಲಿ ಕಲೆತು ಹಿತ್ತಾಳೆಯನ್ನು ಸವೆಸುತ್ತದೆ. ಕೊಬ್ಬರಿ ಎಣ್ಣೆಯ ಮಾತೇ ಬೇಡ.

ದೇವರ ದೀಪಕ್ಕೆ ಉಜ್ಜುವ ಪೀತಾಂಬರಿ, ಹುಣಸೆಹಣ್ಣು ಡಯಲ್ ಹತ್ತಿರ ಸುಳಿಯಬಾರದು. ಅಂಕಿಗಳಿರುವ ಬಳೆಯ ಬೆಳ್ಳಿಲೇಪ ಒಂದೇ ಉಜ್ಜಿಗೆ ಹೋಗುತ್ತದೆ. ಬಣ್ಣದ ಡಯಲ್ ಆದರೆ ಒದ್ದೆ ಬಟ್ಟೆಗೂ ಅಂಕಿಗಳು ಅಳಿಸಬಹುದು. ಮೆತ್ತನೆಯ ಬ್ರಷ್ ಸಾಕು.

ಗುಂಡು ತೂಗುವ ಹುರಿ ಅಥವಾ ತಂತಿಯನ್ನು ಕೀ ಕೊಡುವಾಗಲೆಲ್ಲ ನೋಡಿ. ಒಂದು ಎಳೆ ಬಿಟ್ಟಿದ್ದರೂ ಬದಲಿಸಿ. ಐದಾರು ಕಿಲೋ ಗುಂಡು ಕಳಚಿ ಬಿದ್ದರೆ ಪೆಟ್ಟಿಗೆಯ ತಳ ಒಡೆಯುತ್ತದೆ. ತಳಕ್ಕೆ ಒಂದು ದಪ್ಪ ರಬ್ಬರ್ ಹಾಳೆ ಹಾಸಿಡಿ.