ಚಾರ್ಮಾಡಿ ಇಳಿದು ಕಡಲಿಗೆ, ಮಾಳ ಹತ್ತಿ ವಾಪಸ್: ಚಿಕ್ಕಮಗಳೂರಿಂದ ಆರು ದಿನದ ಸೈಕಲ್ ಟೂರ್

ಸೈಕಲ್ಲಲ್ಲಿ ಘಟ್ಟ ಇಳಿದು ಸಮುದ್ರ ನೋಡ್ಕೊಂಡು ಬರ್ಬೇಕು ಅಂತ ಆಸೆ ಇರೋರು ನಮ್ಮ ಕಡೆ ತುಂಬಾ ಜನ ಇದಾರೆ, ಆದ್ರೆ ಎಲ್ರೂ ಭಯ ಪಡೋದು ವಾಪಸ್ ಹತ್ತೋದಕ್ಕೆ. ನನ್ನ ಅನುಭವದಲ್ಲಿ ಹತ್ತೋದು ಕಾಲಿಗೆ ಬಿಟ್ಟಿದ್ದು, ಆಗಲಿಲ್ಲ ಅಂದ್ರೆ ಇಳಿದು ತಳ್ಕೊಂಡು ಹೋಗ್ಬಹುದು. ಇಳಿಯೋದೇ ಮೊದಲು ಕಲೀಬೇಕಾಗಿರೋದು, ಹಾಗಾಗಿ ಇಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದೀನಿ.

ದಾರಿ ಹೀಗೆ. ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ, ವೇಣೂರು, ಮೂಡುಬಿದಿರೆ, ಕಾರ್ಕಳ, ಪಡುಬಿದ್ರಿ. ಬರುವಾಗ ಕಾರ್ಕಳದಿಂದ ಬಜಗೋಳಿ, ಮಾಳ, ಎಸ್‌.ಕೆ. ಬಾರ್ಡರ್ (ಹಳೇ ಸೌತ್ ಕೆನರಾ ಜಿಲ್ಲೆಯ ಗಡಿ), ಕುದುರೆಮುಖ, ಕಳಸ, ಮಾಗುಂಡಿ, ಬಾಳೆಹೊನ್ನೂರು, ಆಲ್ದೂರು. ಹಾಸನದವ್ರು ಬೇಲೂರಿಗೆ ಬಂದು ಅಲ್ಲಿಂದ ಮೂಡಿಗೆರೆ ಸೇರ್ಕೊಳ್ಳಿ. ಸಕಲೇಶಪುರದಿಂದ ಶಿರಾಡಿ ಹತ್ರ ಆಗತ್ತಲ್ಲ ಅಂತ ಕೇಳ್ತಾರೆ, ಅದು ಬೆಂಗಳೂರು ಮಂಗಳೂರು ಹೈವೇ, ಟ್ಯಾಂಕರು ಲಾರಿ ಹಗಲೂ ರಾತ್ರಿ ಓಡ್ತಿರ್ತವೆ, ಸೈಕಲ್‌ಗೆ ದಯವಿಟ್ಟು ಬೇಡ. ಬಿಸಿಲೆ ಘಾಟ್ ಕಾಡಿನ ದಾರಿ, ಚೆನ್ನಾಗಿದೆ, ಆದ್ರೆ ಅಲ್ಲಿ ಇಳಿದ್ರೆ ಸುಬ್ರಹ್ಮಣ್ಯಕ್ಕೆ ಹೋಗ್ತೀರ, ಅದು ಬೇರೆ ಟೂರು.

ಟೈಮು ನವೆಂಬರಿಂದ ಫೆಬ್ರವರಿ. ಮಳೆಗಾಲದಲ್ಲಿ ಚಾರ್ಮಾಡಿ ನೋಡೋಕೆ ಸ್ವರ್ಗ, ಆದ್ರೆ 2019ರ ಆಗಸ್ಟಲ್ಲಿ ಗುಡ್ಡ ಕುಸಿದು ರಸ್ತೆ ಎಷ್ಟು ದಿನ ಬಂದ್ ಆಗಿತ್ತು ಅಂತ ನಮಗೆಲ್ಲ ನೆನಪಿದೆ, ಮೇಲಿಂದ ಮಂಜು ಬಂತು ಅಂದ್ರೆ ಹತ್ತು ಅಡಿ ಮುಂದೆ ಏನಿದೆ ಕಾಣಲ್ಲ, ರಸ್ತೆ ಬಿಟ್ಟು ಹುಲ್ಲಿಗೆ ಕಾಲಿಟ್ರೆ ಇಂಬಳ. ಶಿವರಾತ್ರಿ ಹಿಂದಿನ ವಾರ ಹೋಗೋರು ಒಂದು ವಿಷಯ ಗಮನದಲ್ಲಿ ಇಟ್ಕೊಳ್ಳಿ, ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗೋರು ಇದೇ ದಾರೀಲಿ ಸಾಲುಸಾಲಾಗಿ ನಡೀತಿರ್ತಾರೆ, ದಾರಿಯುದ್ದಕ್ಕೂ ಮಜ್ಜಿಗೆ ಪಾನಕ ಕೊಡ್ತಾರೆ, ನಿಮಗೂ ಕರೆದು ಕೊಡ್ತಾರೆ, ಆದ್ರೆ ತಿರುವಲ್ಲಿ ಜೋರಾಗಿ ಇಳಿದ್ರೆ ನಡೆಯೋರ ಮೇಲೇ ಹೋಗ್ತೀರ.

ಸೈಕಲ್ ಯಾವುದು ಅಂದ್ರೆ, ಗೇರ್ ಇರೋ ಯಾವ ಗಟ್ಟಿ ಸೈಕಲ್ ಆದ್ರೂ ಆಗತ್ತೆ, ಸಣ್ಣ ಗೇರ್ ನಿಜವಾಗ್ಲೂ ಸಣ್ಣದಿರ್ಬೇಕು ಅಷ್ಟೇ. ಹಿಂದಿನ ದೊಡ್ಡ ಚಕ್ರದ ಹಲ್ಲು ಮುಂದಿನ ಸಣ್ಣ ಚಕ್ರದ ಹಲ್ಲಿಗಿಂತ ಜಾಸ್ತಿ ಇದ್ರೆ, ಅಂದ್ರೆ ಮುಂದೆ 30 ಹಿಂದೆ 34 ಆ ಥರ, ಲಗೇಜ್ ಇಟ್ಕೊಂಡೂ ಮಾಳ ಹತ್ತಬಹುದು. ಟಯರ್ 32 ಎಂ.ಎಂ.ಗಿಂತ ಸಣ್ಣದು ಬೇಡ. ಟ್ಯೂಬ್ ಎರಡು ಎಕ್ಸ್‌ಟ್ರಾ ಇರ್ಲಿ, ಯಾಕಂದ್ರೆ ಸಣ್ಣ ಊರಿನ ಅಂಗಡೀಲಿ ಹಳೇ ಸೈಕಲ್ ಟ್ಯೂಬ್ ಸಿಗತ್ತೆ, 700 ಸೈಜಿನ ಸಪೂರ ವಾಲ್ವಿಂದು ಸಿಗೋದು ಕಷ್ಟ. ಒಂದು ಜೊತೆ ಬ್ರೇಕ್ ಪ್ಯಾಡನ್ನೂ ಹಾಕ್ಕೊಳ್ಳಿ, ತುಂಬಾ ಜನ ಇದನ್ನ ಮರೀತಾರೆ. ಬಟ್ಟೆ ಎರಡು ಜೊತೆ ಸಾಕು, ಸಂಜೆ ಒಗೆದ್ರೆ ಆಯ್ತು, ಆದ್ರೆ ಕರಾವಳೀಲಿ ಬೆಳಗ್ಗೆ ಅಷ್ಟೊತ್ತಿಗೆ ಒಣಗಿರಲ್ಲ.

ಮೊದಲ ದಿನ ಕೊಟ್ಟಿಗೆಹಾರದ ತನಕ ಸುಮಾರು 50 ಕಿಲೋಮೀಟರ್, ಹಾಸನದಿಂದ ಆದ್ರೆ 90ರ ಹತ್ರ. ಪೂರ್ತಿ ಕಾಫಿ ತೋಟ, ಏರು ಇಳಿವು ಇದ್ದೇ ಇರತ್ತೆ. ಬೇಲೂರು ಮೂಡಿಗೆರೆ ಆಲ್ದೂರು ಸುತ್ತ ಆನೆ ಓಡಾಟ ಇದೆ, ಸೂರ್ಯ ಹುಟ್ಟೋಕೆ ಮುಂಚೆ, ಮುಳುಗಿದ ಮೇಲೆ ಸೈಕಲ್ ತುಳೀಬೇಡಿ, ಟೀ ಅಂಗಡೀಲಿ ನಿಲ್ಸಿ ಇವತ್ತು ಎಲ್ಲಿವೆ ಅಂತ ಕೇಳಿ, ತೋಟದವ್ರಿಗೆ ಗೊತ್ತಿರತ್ತೆ. ಸೈಕಲ್ ಸದ್ದು ಮಾಡಲ್ಲ, ಹಾಗಾಗಿ ಆನೆಗೂ ನೀವು ಬಂದಿದ್ದು ಗೊತ್ತಾಗಲ್ಲ, ಅದೇ ಅಪಾಯ.

ಎರಡನೇ ದಿನ ಬೆಳಗ್ಗೆ ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿಂದು ಹೊರಡಿ, ಆ ಊರು ಅದಕ್ಕೇ ಹೆಸರಾಗಿರೋದು. ಹೊರಡೋ ಮುಂಚೆ ಹತ್ತು ನಿಮಿಷ ಸೈಕಲ್ ಜೊತೆ ಕೂತ್ಕೊಳ್ಳಿ. ಹಿಂದಿನ ಬ್ರೇಕ್ ಗಟ್ಟಿ ಹಿಡಿದು ಸೈಕಲ್ ಮುಂದಕ್ಕೆ ತಳ್ಳಿ, ಚಕ್ರ ಜಾರ್ಬೇಕು, ತಿರುಗ್ಬಾರ್ದು. ಮುಂದಿನದು ಹಿಡಿದು ತಳ್ಳಿದ್ರೆ ಹಿಂದಿನ ಚಕ್ರ ಎದ್ದೇಳ್ಬೇಕು. ಕ್ಯಾರಿಯರಿನ ನಟ್ಟು ಬಿಗಿ ನೋಡಿ, ಬ್ಯಾಗಿನ ಪಟ್ಟಿ ಚಕ್ರದ ಕಡೆ ನೇತಾಡ್ತಿದ್ರೆ ಕಟ್ಟಿ. ಭಾರ ಎಲ್ಲ ಕೆಳಗಡೆ ಅಕ್ಕಪಕ್ಕ ಇರ್ಲಿ, ಮೇಲೆ ಪೇರ್ಸಿದ್ರೆ ತಿರುವಲ್ಲಿ ಸೈಕಲ್ ನಿಮ್ಮನ್ನ ಎಳ್ಕೊಂಡು ಹೋಗತ್ತೆ.

ಮಲಯ ಮಾರುತ ಗೆಸ್ಟ್ ಹೌಸ್ ದಾಟಿದ ಮೇಲೆ ಇಳಿಜಾರು ಶುರು. ಇಲ್ಲಿ ಎಲ್ರೂ ಮಾಡೋ ತಪ್ಪು ಅಂದ್ರೆ ಭಯಕ್ಕೆ ಬ್ರೇಕನ್ನ ಮೆಲ್ಲಗೆ ಒತ್ತಿ ಹಿಡ್ಕೊಂಡೇ ಇಳಿಯೋದು. ನಾನೂ ಮೊದಲ ಸಲ ಹಾಗೇ ಮಾಡಿದ್ದೆ, ರಿಮ್ ಬ್ರೇಕ್ ಸೈಕಲ್ (ಪ್ಯಾಡು ಚಕ್ರದ ರಿಮ್ಮನ್ನೇ ಒತ್ತಿ ಹಿಡಿಯೋದು), ಹಿಂದೆ ಎರಡು ಬ್ಯಾಗು, ಸುಟ್ಟ ರಬ್ಬರ್ ವಾಸನೆ ಬರ್ತಿತ್ತು, ಯಾವುದೋ ಲಾರೀದು ಅನ್ಕೊಂಡೆ, ಒಂದು ನೇರ ದಾರೀಲಿ ಹಿಂದಿನ ಟ್ಯೂಬ್ ಢಮ್ ಅಂತ ಒಡೀತು. ನಿಲ್ಸಿ ರಿಮ್ ಮುಟ್ಟಿದ್ರೆ ಬೆರಳು ಚುರ್ ಅಂತು. ತಿರುವಲ್ಲಿ ಒಡೆದಿದ್ರೆ ಕಥೆ ಬೇರೆ ಇತ್ತು. ಬ್ರೇಕಿನ ಬಿಸಿ ರಿಮ್ಮಿಗೆ, ರಿಮ್ಮಿಂದ ಟ್ಯೂಬಿಗೆ ಹೋಗತ್ತೆ, ಗಾಳಿ ಹಿಗ್ಗತ್ತೆ, ಅಷ್ಟೇ. ಡಿಸ್ಕ್ ಬ್ರೇಕ್ ಇದ್ರೆ ಟ್ಯೂಬ್ ಉಳಿಯತ್ತೆ, ಆದ್ರೆ ಡಿಸ್ಕ್ ಕಾದು ಬ್ರೇಕೇ ಹಿಡಿಯೋದು ಕಮ್ಮಿ ಆಗತ್ತೆ.

ಸರಿಯಾದ ಕ್ರಮ ಏನಂದ್ರೆ, ನೇರ ದಾರೀಲಿ ಬಿಡಿ, ತಿರುವು ಬರೋಕೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸ್ಕೊಳ್ಳಿ, ತಿರುವಿನ ಒಳಗೆ ಬ್ರೇಕ್ ಬಿಟ್ಟುಬಿಡಿ. ಹಿಡಿ, ಬಿಡು, ಹಿಡಿ, ಬಿಡು, ಬಿಟ್ಟಾಗ ಗಾಳಿಗೆ ರಿಮ್ ಆರತ್ತೆ. ತಿರುವಲ್ಲಿ ಹೊರಗಡೆ ಪೆಡಲ್ ಕೆಳಗಿರ್ಲಿ, ಮೈಯ ಭಾರ ಅದರ ಮೇಲೆ, ಕಣ್ಣು ತಿರುವು ಮುಗಿಯೋ ಕಡೆ. ಎದುರಿಂದ ಬಸ್ಸು ಬಂದ್ರೆ ತಿರುವಲ್ಲಿ ಅದಕ್ಕೆ ಪೂರ್ತಿ ರಸ್ತೆ ಬೇಕು, ಹಾರ್ನ್ ಕೇಳಿದ ಕೂಡ್ಲೆ ನಿಲ್ಸಿ ಜಾಗ ಬಿಡಿ, ಎರಡು ಮೂರು ಕಿಲೋಮೀಟರಿಗೊಮ್ಮೆ ನಿಂತು ರಿಮ್ ಹತ್ರ ಕೈ ಹಿಡಿದು ನೋಡಿ, ಬಿಸಿ ಇದ್ರೆ ಕಾಯಿರಿ. ಅಣ್ಣಪ್ಪ ಸ್ವಾಮಿ ಗುಡಿ ಹತ್ರ ಎಲ್ಲ ವಾಹನದವ್ರೂ ನಿಂತು ಕೈ ಮುಗಿದು ಹೋಗ್ತಾರೆ, ನೀವೂ ನಿಲ್ಸಿ. ಬಿಸಿ ಇರೋ ರಿಮ್ ಮೇಲೆ ನೀರು ಮಾತ್ರ ಸುರೀಬೇಡಿ.

ಕೆಳಗೆ ಚಾರ್ಮಾಡಿ ಊರು ಮುಟ್ಟಿದ ತಕ್ಷಣ ಸೆಖೆ ಮುಖಕ್ಕೆ ಹೊಡಿಯತ್ತೆ. ಘಟ್ಟದ ಕೆಳಗೆ ಸಪಾಟು ಇರತ್ತೆ ಅಂತ ನಮ್ಮ ಕಡೆಯವ್ರು ಅಂದ್ಕೋತೀವಿ, ಹಾಗಿಲ್ಲ. ಮುರಕಲ್ಲಿನ ಗುಡ್ಡ, ಕೆಳಗೆ ಗದ್ದೆ, ಮತ್ತೆ ಗುಡ್ಡ, ಚಿಕ್ಕ ಚಿಕ್ಕ ಕಡಿದಾದ ಏರು, ವೇಣೂರು ಮೂಡುಬಿದಿರೆ ದಾರಿ ಪೂರ್ತಿ ಹಾಗೇ. ಅದಕ್ಕೇ ಕರಾವಳೀಲಿ ಆರಕ್ಕೆ ಹೊರಟು ಹನ್ನೊಂದಕ್ಕೆ ನಿಲ್ಸಿಬಿಡಿ, ಮಧ್ಯಾಹ್ನ ಬಸದೀಲಿ ಕೂತ್ಕೊಳ್ಳಿ. ವೇಣೂರಿನ ಗೊಮ್ಮಟ 1604ರದ್ದು, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಲ್ಲು ಬಿಸಿಲಲ್ಲೂ ತಣ್ಣಗಿರತ್ತೆ. ಬರೀ ನೀರು ಕುಡಿದ್ರೆ ಸಾಲಲ್ಲ, ಬೆವರಲ್ಲಿ ಉಪ್ಪು ಹೋಗತ್ತೆ, ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್, ಬೊಂಡ ಕುಡೀರಿ. ಅಲ್ಲಿ ಎಳನೀರಿಗೆ ಬೊಂಡ ಅಂತಾರೆ.

ಮೂರನೇ ದಿನ ಕಾರ್ಕಳ ದಾಟಿ ಬೆಳ್ಮಣ್ ಮೇಲೆ ಪಡುಬಿದ್ರಿ, ಕಡಲು. ಹೈವೇ 66ರಲ್ಲಿ ಆದಷ್ಟು ಕಮ್ಮಿ ಓಡ್ಸಿ. ನಾಲ್ಕನೇ ದಿನ ಅದೇ ದಾರೀಲಿ ಕಾರ್ಕಳಕ್ಕೆ ವಾಪಸ್, 30 ಕಿಲೋಮೀಟರ್ ಅಷ್ಟೇ, ಬೇಕಂತಲೇ ಕಮ್ಮಿ ಇಟ್ಟಿರೋದು, ನಾಳೆ ಹತ್ತೋದಿದೆ. 1432ರಲ್ಲಿ ನಿಲ್ಸಿದ 42 ಅಡಿ ಬಾಹುಬಲಿ ನೋಡಿ, ಬೇಗ ಮಲಗಿ.

ಐದನೇ ದಿನ ಬೆಳಕು ಹರಿದ ಕೂಡ್ಲೆ ಹೊರಡಿ. ಮಾಳ ಗೇಟಲ್ಲಿ ಅರಣ್ಯ ಇಲಾಖೆ ಚೆಕ್‌ಪೋಸ್ಟ್ ಇದೆ, ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಗಾಡಿಗಳಿಗೆ ಇಂತಿಷ್ಟು ಹೊತ್ತಲ್ಲಿ ದಾಟ್ಬೇಕು ಅಂತ ಚೀಟಿ ಕೊಡ್ತಾರೆ, ನೀವು ಸೈಕಲ್ ಅಂತ ಮೊದಲೇ ಹೇಳಿ ಎಷ್ಟು ಹೊತ್ತಾಗತ್ತೆ ಅಂತ ಮಾತಾಡ್ಕೊಂಡೇ ಹೋಗಿ, ಒಳಗೆ ಸಿಕ್ಕಸಿಕ್ಕಲ್ಲಿ ನಿಲ್ಬೇಡಿ, ಪ್ಲಾಸ್ಟಿಕ್ ಎಸೀಬೇಡಿ. ಏರು ಉದ್ದ, ಆದ್ರೆ ತಲೆ ಮೇಲೆ ಮರದ ನೆರಳಿದೆ. ಉಸಿರು ಬಿಗಿಯದೆ ಮಾತಾಡೋಕೆ ಆಗೋಷ್ಟು ನಿಧಾನ ತುಳೀರಿ. ಅರ್ಧ ಗಂಟೆಗೊಮ್ಮೆ ಬಾಳೆಹಣ್ಣೋ ಚಿಕ್ಕಿಯೋ ಬೆಲ್ಲವೋ ಬಾಯಿಗೆ ಹಾಕ್ಕೊಳ್ಳಿ, ಹಸಿವಾದ ಮೇಲೆ ತಿಂದ್ರೆ ತಡ ಆಗಿರತ್ತೆ. ಎಸ್‌.ಕೆ. ಬಾರ್ಡರ್ ಮುಟ್ಟಿದಾಗ ತಣ್ಣನೆ ಗಾಳಿ ಬರತ್ತೆ ನೋಡಿ, ಆಮೇಲೆ ಶೋಲಾ ಕಾಡು (ಗುಡ್ಡದ ಕಣಿವೇಲಿ ಬೆಳೆಯೋ ಗಿಡ್ಡ ಮರದ ದಟ್ಟ ಕಾಡು), ಹುಲ್ಲುಗುಡ್ಡ. ಕುದುರೆಮುಖದ ಗಣಿ 2005ರ ಕೊನೇಲಿ ನಿಂತ ಮೇಲೆ ಊರು ಅರ್ಧಕ್ಕರ್ಧ ಖಾಲಿ, ಉಳ್ಕೊಳ್ಳೋಕೆ ಕಳಸಕ್ಕೇ ಹೋಗಿ.

ಕೊನೇ ದಿನ ಕಳಸದಿಂದ ಭದ್ರಾ ಹೊಳೆ ಆಗಾಗ ಜೊತೇಲಿ ಬರತ್ತೆ, ಬಾಳೆಹೊನ್ನೂರಿನ ತನಕ. ಅಲ್ಲಿಂದ ಆಲ್ದೂರಿಗೆ ಮತ್ತೆ ಏರು, ಕಾಲು ಸೋತಿರತ್ತೆ, ನಿಧಾನ ಬನ್ನಿ. ಯಾರನ್ನಾದ್ರೂ ಎಷ್ಟು ದೂರ ಅಂತ ಕೇಳ್ಬೇಡಿ, ಇಲ್ಲೇ ಹತ್ರ ಅಂತಾರೆ, ಏರು ಎಷ್ಟಿದೆ ಅಂತ ಕೇಳಿ. ಮನೆಗೆ ಬಂದ ದಿನವೇ ಸೈಕಲ್ ತೊಳೀರಿ, ಕಡಲ ಗಾಳಿ ಉಪ್ಪು ಚೈನಿನ ಸಂದೀಲಿ ಕೂತಿರತ್ತೆ, ಎರಡು ದಿನ ಬಿಟ್ರೆ ಕೆಂಪಗೆ ತುಕ್ಕು. ಸೋಪ್ ನೀರು, ಹಳೇ ಬ್ರಷ್, ಒಣಬಟ್ಟೇಲಿ ಒರೆಸಿ, ಪ್ರತಿ ಕೊಂಡಿಗೂ ಒಂದೊಂದು ತೊಟ್ಟು ಎಣ್ಣೆ.